ಜಮೀನು ಸಂರಕ್ಷಣೆಯ ಒಂದು ವರ್ಷದ ಫೆಲೋಶಿಪ್ ಸಿಕ್ಕಿದೆ. ಅಷ್ಟರಲ್ಲಿ ತೋರಿಸುವಂಥ ಕೆಲಸ ಆಗುತ್ತಾ, ಇಲ್ಲಾ ನೇರ ಪಿಎಚ್‌.ಡಿ. ಸೇರಲಾ?

ನೀವು ಕೇಳಿದ ಈ ಪ್ರಶ್ನೆ ಎಂ.ಎಸ್ಸಿ. ಮುಗಿದಾಗ ನನ್ನ ತಲೆಯಲ್ಲೂ ಇತ್ತು. ಸಂಬಳ ಕೊಟ್ಟು ಕಾಡಿನ ಹತ್ತಿರ ಇರಿಸಿಕೊಳ್ಳುತ್ತಾರೆ, ವರ್ಷದೊಳಗೆ ಏನಾದರೂ ಮಾಡಿ ತೋರಿಸಬೇಕು ಅಂತ. ಆ ಆತುರವೇ ಕೆಲಸ ಕೆಡಿಸಿತು.

ಚಾಮರಾಜನಗರ ಜಿಲ್ಲೆಯಲ್ಲಿ ಕಾಡಂಚಿನ ಒಂದು ಜಮೀನು. ಬೇಸಾಯ ನಿಂತು ಬಹಳ ಕಾಲವಾಗಿ ಇಡೀ ಜಾಗದಲ್ಲಿ ಲಂಟಾನ ಅನ್ನುವ ಕಳೆಪೊದೆ ಹಬ್ಬಿತ್ತು. ಅದನ್ನು ತೆಗೆದು ಹುಲ್ಲು, ಇಲ್ಲಿನದೇ ಜಾತಿಯ ಮರಗಳು ಮತ್ತೆ ಬರುವಂತೆ ಮಾಡುವುದು ನನ್ನ ಕೆಲಸ. ನಾನು ಅದನ್ನು ಮಚ್ಚಿನಲ್ಲಿ ಮೊಣಕಾಲೆತ್ತರಕ್ಕೆ ಕಡಿಸಿದೆ. ಬುಡ ಅಗೆಸಲಿಲ್ಲ.

ಯಾಕೆ ಅಂದರೆ, ಮಾರ್ಚ್ ವರದಿಯಲ್ಲಿ 'ಎಷ್ಟು ಎಕರೆ' ಅಂತ ಒಂದು ಕಾಲಂ ಇತ್ತು. ಗುದ್ದಲಿ ಹಿಡಿದು ಬುಡ ತೆಗೆಯುತ್ತಾ ಹೋದರೆ ಎಕರೆ ಏರುವುದಿಲ್ಲ. ಮಚ್ಚಾದರೆ ಸರಸರ ಸಾಗುತ್ತದೆ. ಜೊತೆಗಿದ್ದ ಸೋಲಿಗ ಬುಡಕಟ್ಟಿನ ಹಿರಿಯರೊಬ್ಬರು "ಬುಡ ಬುಟ್ರೆ ಮತ್ತೆ ಬತ್ತದೆ ಕಣಪ್ಪ" ಅಂದಿದ್ದರು. ಕೇಳಿಸಿಕೊಂಡೆ, ನಿಲ್ಲಿಸಲಿಲ್ಲ.

ಲಂಟಾನದ ಕಾಂಡ ಬೇರಿಗೆ ಸೇರುವ ಜಾಗ ಇದೆಯಲ್ಲ, ಅಲ್ಲಿಂದಲೇ ಅದು ಚಿಗುರುವುದು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ತಂಡ ರೂಪಿಸಿದ ವಿಧಾನದಲ್ಲಿ ಮುಖ್ಯ ಬೇರನ್ನು ಮಣ್ಣಿನೊಳಗೆ, ಆ ಚಿಗುರುವ ಜಾಗಕ್ಕಿಂತ ಕೆಳಗೆ ಕತ್ತರಿಸುತ್ತಾರೆ. ಆಮೇಲೆ ಪೊದೆಯನ್ನು ತಲೆಕೆಳಗಾಗಿ ಇಡುತ್ತಾರೆ, ಮತ್ತೆ ಬೇರು ಬಿಡಬಾರದು ಅಂತ. ನಾನು ಚಿಗುರುವ ಭಾಗವನ್ನೇ ಉಳಿಸಿದೆ. ಹಣ್ಣಿದ್ದ ಕೊಂಬೆಗಳನ್ನು ಅಲ್ಲೇ ರಾಶಿ ಹಾಕಿಸಿದೆ. ನೆರಳು ಹೋಗಿ ನೆಲಕ್ಕೆ ಬಿಸಿಲು ಬಿತ್ತು. ಮುಂಗಾರು ಬಂದಾಗ ಮೋಟುಗಳೂ ಚಿಗುರಿದವು, ಬೀಜಗಳೂ ಮೊಳೆತವು. ಪಿಕಳಾರಗಳು ಮರಗಳ ಕೆಳಗೆ ಉದುರಿಸಿದ ಬೀಜ ಬೇರೆ. ಮೊದಲಿಗಿಂತ ದಟ್ಟವಾಗಿ ಬಂತು.

ತೆಗೆಸುವ ದುಡ್ಡು ಅಷ್ಟೂ ಖರ್ಚಾಗಿತ್ತು. ಮತ್ತೆ ಅಗೆಸಲು ಕೂಲಿಗೆ ಹಣ ಇರಲಿಲ್ಲ, ಹಣ ಕೊಟ್ಟವರು ಮುಂದುವರಿಸಲಿಲ್ಲ. ನನ್ನ ಕೆಲಸ ಹೋಯಿತು, ಅದು ಇರಲಿ. ಮುಂದಿನ ವರ್ಷವೂ ಕೂಲಿ ಸಿಗುತ್ತದೆ ಅಂತ ನಂಬಿದ್ದ ಕೆಲಸಗಾರರ ಮನೆಗಳಿಗೆ ಏನೂ ಸಿಗಲಿಲ್ಲ. ಇವತ್ತಿಗೂ ನನ್ನನ್ನು ಕಾಡುವುದು ಅದೇ.

ಹಾಗಾಗಿ 'ತೋರಿಸುವಂಥ ಕೆಲಸ' ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಜಮೀನು ನೋಡಿಕೊಳ್ಳುವುದು ಅಂದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಕಳೆಯ ಸಸಿ ಕೀಳುವುದು, ಬೇಲಿ ನೋಡುವುದು, ದನ ಮೇಯಿಸುವವರ ಜೊತೆ ಕೂತು ಮಾತಾಡುವುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿಬನ್ನಿ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆದ ಮೇಲಷ್ಟೇ 'ಸಮುದಾಯ ಮೀಸಲು', ಅಂದರೆ ಊರವರದೇ ಜಾಗವನ್ನು ಅವರ ಜೊತೆಗೂಡಿ ಕಾಪಾಡುವ ವ್ಯವಸ್ಥೆ ಬಂತು, ಈ ಊರಿಗೂ ಆ ಮಾನ್ಯತೆ ಸಿಕ್ಕಿತು. ಆದರೆ ಮನೆ ಪಕ್ಕದ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಗೂಡು ಕಟ್ಟಲು ಊರವರು ಬಿಟ್ಟಿದ್ದು ಅದಕ್ಕೂ ಎಷ್ಟೋ ಹಿಂದಿನಿಂದ.

ಪಿಎಚ್‌.ಡಿ. ಎಲ್ಲೂ ಓಡಿಹೋಗುವುದಿಲ್ಲ. ಫೆಲೋಶಿಪ್ ಸೇರಿ. ಸಂಬಳ ಇದೆ ಅನ್ನುವುದನ್ನು ಹಗುರವಾಗಿ ನೋಡಬೇಡಿ. ಸುಮ್ನೆ ಸ್ವಯಂಸೇವಕರಾಗಿ ಬನ್ನಿ ಅನ್ನುವ ಕಡೆ ಮನೆಯಲ್ಲಿ ಅನುಕೂಲ ಇರುವವರು ಮಾತ್ರ ಉಳಿಯುತ್ತಾರೆ, ಅಲ್ವಾ?

ಒಂದು ಮಾತ್ರ ಸಹಿ ಹಾಕುವ ಮೊದಲೇ ಕೇಳಿ: ನಾನು ತೆಗೆಸಿದ ಜಾಗವನ್ನು ಮುಂದಿನ ಮಳೆಗಾಲದಲ್ಲಿ ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ಹಣ ಎತ್ತಿಟ್ಟಿದ್ದೀರಾ? ಅವಧಿ ಮೇ ತಿಂಗಳಿಗೆ ಮುಗಿಯುವುದಾದರೆ ಆಗಸ್ಟ್‌ವರೆಗೆ ಇರಲು ಅವಕಾಶ ಕೊಡಿ ಅಂತಲೂ ಕೇಳಿ. ನಾನು ಕೇಳಿರಲಿಲ್ಲ.