ದ್ವಿತೀಯ ಪಿಯುಸಿಯಲ್ಲಿರುವಾಗಲೇ ಎಂಐಟಿಗೆ ಅರ್ಜಿ

ಪ್ರಶ್ನೆ: ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತೇನೆ. ಮಗಳು ಧಾರವಾಡದಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಪಿಯುಸಿ ಮುಗಿದ ಮೇಲೆ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. ರಜೆಯಲ್ಲಿ ಅಂಗಡಿಯ ಲೆಕ್ಕ ಬರೆಯುವುದನ್ನು ಬಿಟ್ಟರೆ ಬೇರೆ ಚಟುವಟಿಕೆಗಳಿಲ್ಲ. ಹುಬ್ಬಳ್ಳಿಯ ಸಲಹಾ ಸಂಸ್ಥೆಯೊಂದು ಪ್ರಬಂಧ, ಶಿಫಾರಸು ಪತ್ರ ಎಲ್ಲವನ್ನೂ ತಾನೇ ಸಿದ್ಧಪಡಿಸುವುದಾಗಿ ಹೇಳಿ ದೊಡ್ಡ ಮೊತ್ತ ಕೇಳುತ್ತಿದೆ. ಕೊಡಬಹುದೇ? ಅಲ್ಲಿನ ಓದಿನ ಖರ್ಚು ನಮ್ಮಂಥವರಿಗೆ ನಿಭಾಯಿಸಲು ಸಾಧ್ಯವೇ?
— ಒಬ್ಬ ತಂದೆ, ಹಾವೇರಿ ಜಿಲ್ಲೆ

ಉತ್ತರ: ಕೊಡಬೇಡಿ. ಆದರೆ ಅದಕ್ಕಿಂತ ಮೊದಲು ತಿದ್ದಿಕೊಳ್ಳಬೇಕಾದದ್ದು ‘ಪಿಯುಸಿ ಮುಗಿದ ಮೇಲೆ’ ಎಂಬ ಲೆಕ್ಕಾಚಾರ. ಎಂಐಟಿಗೆ ಅರ್ಜಿ ಸಲ್ಲಿಸುವ ಗಡುವು ದ್ವಿತೀಯ ಪಿಯುಸಿಯ ನಡುವೆಯೇ, ಜನವರಿಯ ಮೊದಲ ವಾರದಲ್ಲಿ ಮುಗಿಯುತ್ತದೆ. ಫಲಿತಾಂಶವು ಸಾಮಾನ್ಯವಾಗಿ ಮಾರ್ಚ್ ಮಧ್ಯದಲ್ಲಿ, ಅಂದರೆ ಆಕೆ ಬೋರ್ಡ್ ಪರೀಕ್ಷೆ ಬರೆಯುವ ಹೊತ್ತಿಗೆ ಬರುತ್ತದೆ. ಆದ್ದರಿಂದ ಅವರು ನೋಡುವುದು ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಮತ್ತು ದ್ವಿತೀಯ ವರ್ಷದ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು. ಪ್ರಥಮ ಪಿಯುಸಿಯನ್ನು ಪಾಸಾದರೆ ಸಾಕು ಎಂದು ಕಾಣುವ ನಮ್ಮ ಕಡೆಯ ರೂಢಿ ಇಲ್ಲಿ ದುಬಾರಿಯಾದೀತು.

ಶಿಫಾರಸು ಪತ್ರಗಳು ಎರಡು ಬೇಕು: ಒಂದು ಗಣಿತ ಅಥವಾ ವಿಜ್ಞಾನ ಕಲಿಸಿದವರಿಂದ, ಇನ್ನೊಂದು ಭಾಷೆ ಅಥವಾ ಸಮಾಜಶಾಸ್ತ್ರೀಯ ವಿಷಯ ಕಲಿಸಿದವರಿಂದ. ಸಿಇಟಿ, ಜೆಇಇ ತಯಾರಿಯ ಗದ್ದಲದಲ್ಲಿ ವಿದ್ಯಾರ್ಥಿಗಳು ಕಡೆಗಣಿಸುವ ಕನ್ನಡ ತರಗತಿಯ ಉಪನ್ಯಾಸಕರೇ ಇಲ್ಲಿ ಆಕೆಗೆ ಆಸರೆಯಾಗಬಲ್ಲರು. ಪತ್ರವನ್ನು ಅಧ್ಯಾಪಕರೇ ನೇರವಾಗಿ ಕಳುಹಿಸಬೇಕು. ಅರ್ಜಿಯ ಜೊತೆ ಕಾಲೇಜು ಕಳುಹಿಸಬೇಕಾದ ವರದಿಯನ್ನು ಪ್ರಾಂಶುಪಾಲರು ಭರ್ತಿ ಮಾಡಬಹುದು. ನೂರು ಮಂದಿಯ ತರಗತಿಯಲ್ಲಿ ಅಧ್ಯಾಪಕರು ಆಕೆಯನ್ನು ಗುರುತಿಸಬೇಕಾದರೆ ಈಗಿನಿಂದಲೇ ಪ್ರಶ್ನೆ ಕೇಳುತ್ತ, ಪಠ್ಯದಾಚೆಯ ಲೆಕ್ಕಗಳನ್ನು ತೋರಿಸುತ್ತ ಇರಬೇಕು. ಸಲಹಾ ಸಂಸ್ಥೆಯವರು ಬರೆದ ಪತ್ರಕ್ಕೆ ಅಧ್ಯಾಪಕರು ಸಹಿ ಹಾಕಿದರೆ ಅದು ವಂಚನೆಯೇ ಸರಿ. ಪ್ರಬಂಧದ ಮಾತೂ ಅಷ್ಟೇ.

ಚಟುವಟಿಕೆಗಳಿಲ್ಲ ಎಂದು ತಾವು ಬರೆದಿರುವುದು ನನಗೆ ಸರಿಕಾಣಲಿಲ್ಲ. ಎಂಐಟಿ ಕೇಳುವುದು ಹೆಚ್ಚೆಂದರೆ ನಾಲ್ಕು ಚಟುವಟಿಕೆಗಳನ್ನು. ರೈತರ ಚೀಲಗಳ ತೂಕ, ದರ, ಹಮಾಲಿ, ಕಮಿಷನ್ನುಗಳನ್ನು ಲೆಕ್ಕ ಹಾಕಿ ಪಟ್ಟಿ ಬರೆಯುವ ಹುಡುಗಿಗೆ ಅದನ್ನೇ ಪ್ರಾಮಾಣಿಕವಾಗಿ ಹೇಳಿಕೊಳ್ಳಲು ಯಾವ ಸಂಕೋಚವೂ ಬೇಡ. ಅಮೆರಿಕದ ಕಾಲೇಜು ಪ್ರವೇಶಕ್ಕೆಂದು ಬರೆಯುವ ಎಸ್‌ಎಟಿ ಪರೀಕ್ಷೆ (ಅಥವಾ ಅದರ ಬದಲು ಎಸಿಟಿ) ಕಡ್ಡಾಯ. ಎಸ್‌ಎಟಿಯ ಒಟ್ಟು 1600 ಅಂಕಗಳಲ್ಲಿ ಗಣಿತಕ್ಕೆ 800, ಇಂಗ್ಲಿಷ್ ಓದು-ಬರಹಕ್ಕೆ 800. ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ.

ಖರ್ಚಿನ ವಿಷಯದಲ್ಲಿ ಮಾತ್ರ ಧೈರ್ಯವಾಗಿರಿ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಕುಟುಂಬದ ಹಣಬಲವನ್ನು ನೋಡದೆ ಆಯ್ಕೆ ಮಾಡಿ, ಬಳಿಕ ಆದಾಯದ ದಾಖಲೆಗಳನ್ನು ಪರಿಶೀಲಿಸಿ, ಕೊರತೆಯಾಗುವಷ್ಟು ಹಣವನ್ನು ತುಂಬಿಕೊಡುವ ಕೆಲವೇ ಸಂಸ್ಥೆಗಳಲ್ಲಿ ಎಂಐಟಿ ಒಂದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕೂಡ ಹಾಗೆಯೇ. ತಮ್ಮ ಆದಾಯ ತೆರಿಗೆ ವಿವರಗಳನ್ನು ಕ್ರಮವಾಗಿಟ್ಟುಕೊಳ್ಳಿ. ಬ್ರಿಟನ್ನಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಅಂಥ ಭರವಸೆ ಇಲ್ಲ. ಅವುಗಳ ಗಡುವು ಅಕ್ಟೋಬರ್ 15, ಒಂದು ವರ್ಷದಲ್ಲಿ ಎರಡಕ್ಕೂ ಅರ್ಜಿ ಹಾಕುವಂತಿಲ್ಲ.

ವಿದೇಶಿಯರಿಗೆ ಸಿಗುವ ಸೀಟುಗಳು ಬಹಳ ಕಡಿಮೆಯಾದ್ದರಿಂದ ಸಿಇಟಿ, ಜೆಇಇ ತಯಾರಿಯನ್ನು ಬಿಡಿಸಬೇಡಿ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಬರುವ ರಜೆಯಲ್ಲೇ ಆಕೆಯನ್ನು ಕರೆದುಕೊಂಡು ಹೋಗಿ; ಎಸ್‌ಎಟಿ ಬರೆಯುವ ದಿನ ಗುರುತಿನ ದಾಖಲೆಯಾಗಿಯೂ ಪಾಸ್‌ಪೋರ್ಟ್ ನೆರವಿಗೆ ಬರುತ್ತದೆ.