ಗರ್ಭಕೋಶ ತೆಗೆಸುವ ಮೊದಲು ಕೇಳಬೇಕಾದದ್ದು

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: "ನನಗೆ 43 ವರ್ಷ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿದೆ. 'ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ' ಎಂದರು ಡಾಕ್ಟರು. ಮನೆಯವರದ್ದೂ ಅದೇ ಮಾತು. ಹೊರದೇಶಗಳಲ್ಲಿ ಚಿಕಿತ್ಸೆಗಳನ್ನೆಲ್ಲ ಬರೆದ ಹಾಳೆ ಕೊಟ್ಟು, ರೋಗಿಯ ಜೊತೆ ಕೂತು ತೀರ್ಮಾನ ಮಾಡುತ್ತಾರಂತೆ. ಐದು ನಿಮಿಷ ಸಿಗುವ ನಮ್ಮಂಥವರಿಗೆ ಅದರಿಂದ ಏನು ಉಪಯೋಗ? ಜಾಸ್ತಿ ಕೇಳಿದರೆ ಡಾಕ್ಟರಿಗೆ ಬೇಜಾರಾಗುವುದಿಲ್ಲವೇ?"

ಸಂಪಾದಕರ ಉತ್ತರ:

ಉಪಯೋಗ ಖಂಡಿತ ಇದೆ. ಆದರೆ ಹಾಳೆಯೊಂದೇ ಸಾಲದು. ನಿಮ್ಮಂತೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದ 894 ಹೆಂಗಸರ ಮೇಲೆ ಇಂಗ್ಲೆಂಡಿನ ಆರು ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅವರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಎರಡನೆಯದಕ್ಕೆ ಎಲ್ಲ ಚಿಕಿತ್ಸೆಗಳ ವಿವರವಿದ್ದ ಪುಸ್ತಿಕೆ ಮತ್ತು ವಿಡಿಯೊ. ಮೂರನೆಯದಕ್ಕೆ ಇವೆರಡರ ಜೊತೆಗೆ, ಡಾಕ್ಟರನ್ನು ಕಾಣುವ ಮುಂಚೆ 'ನಿಮಗೆ ಯಾವುದು ಮುಖ್ಯ' ಎಂದು ಕೇಳಿ ತಿಳಿಯುವ ಮಾತುಕತೆ. ಮೊದಲ ಎರಡು ಗುಂಪುಗಳಲ್ಲಿ ಗರ್ಭಕೋಶ ತೆಗೆಸಿಕೊಂಡವರು 100ಕ್ಕೆ 48. ಮೂರನೆಯದರಲ್ಲಿ 38. ಅಂದರೆ ಬರೀ ಪುಸ್ತಿಕೆ ಕೈಗಿತ್ತಾಗ ಏನೂ ಬದಲಾಗಲಿಲ್ಲ. ಒಬ್ಬರು ಎದುರು ಕೂತು ಕೇಳಿದಾಗ ಬದಲಾಯಿತು.

ಆ 38 ಜನರನ್ನೂ ಮರೆಯಬಾರದು. ಅವರು ತಿಳಿದು, ಯೋಚಿಸಿ ಆಪರೇಷನ್ನನ್ನೇ ಆರಿಸಿಕೊಂಡರು. ನೀವೂ ಅದನ್ನೇ ಆರಿಸಬಹುದು, ಅದರಲ್ಲಿ ತಪ್ಪೇನಿಲ್ಲ.

ಕನ್ನಡದಲ್ಲಿ ಅಂಥ ಹಾಳೆ ಸಿಗದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ನೀವೇ ಮಾಡಿಕೊಳ್ಳಿ. ಗರ್ಭಕೋಶ ತೆಗೆದರೆ ಮುಟ್ಟು ಪೂರ್ತಿ ನಿಲ್ಲುತ್ತದೆ, ಗಡ್ಡೆ ಮತ್ತೆ ಬರುವುದಿಲ್ಲ. ಆದರೆ ಅದು ದೊಡ್ಡ ಆಪರೇಷನ್. ಚೇತರಿಸಿಕೊಳ್ಳಲು ವಾರಗಳೇ ಬೇಕು. ಜೊತೆಗೆ ಅಂಡಾಶಯವನ್ನೂ ತೆಗೆಯುತ್ತಾರಾ ಎಂದು ತಪ್ಪದೆ ಕೇಳಿ, ಇದು ಬೇರೆಯದೇ ಪ್ರಶ್ನೆ. ನಿಮ್ಮ ವಯಸ್ಸಿನಲ್ಲಿ ಎರಡೂ ಅಂಡಾಶಯ ತೆಗೆದರೆ ಋತುಬಂಧ ಕೂಡಲೇ ಆಗುತ್ತದೆ, ಮುಂದೆ ಮೂಳೆ ಸವೆಯುವ ಅಪಾಯವೂ ಹೆಚ್ಚು. ಇನ್ನೊಂದು ದಾರಿ, ರಕ್ತ ಹೋಗುವುದನ್ನು ಕಡಿಮೆ ಮಾಡಲು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ನೋಡಲು ಕಾಪರ್-ಟಿ ತರಹ ಇರುತ್ತದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಮೊದಲ ಕೆಲವು ತಿಂಗಳು ಆಗಾಗ ರಕ್ತ ಕಾಣಿಸಿಕೊಳ್ಳಬಹುದು. ಗಡ್ಡೆಯಿಂದ ಗರ್ಭಕೋಶದ ಒಳಗಿನ ಆಕಾರ ಕೆಟ್ಟಿದ್ದರೆ ಅದು ಹೊಂದದಿರಬಹುದು. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನು ರಕ್ತ ಜಾಸ್ತಿ ಹೋಗುವ ದಿನಗಳಲ್ಲಷ್ಟೇ ತೆಗೆದುಕೊಳ್ಳುವುದು. ಅದರಿಂದ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಗಡ್ಡೆ ಹೋಗುವುದಿಲ್ಲ. ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ಮೊದಲೇ ಹೇಳಬೇಕು. ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ನೂ ಉಂಟು. ಸುಮ್ನೆ ಕಾಯುವುದೂ ಒಂದು ಆಯ್ಕೆಯೇ, ಏಕೆಂದರೆ ಋತುಬಂಧದ ನಂತರ ಇಂಥ ಗಡ್ಡೆಗಳು ಸಾಮಾನ್ಯವಾಗಿ ಕುಗ್ಗುತ್ತವೆ. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದರ ಮೇಲೆ ಎಷ್ಟು ಕಾಯಬಹುದು ಎನ್ನುವುದು ನಿಂತಿದೆ.

ಪ್ರತಿಯೊಂದರ ಮುಂದೆ "100 ಜನರಲ್ಲಿ ಎಷ್ಟು ಜನರಿಗೆ ಗುಣವಾಗುತ್ತದೆ, ಎಷ್ಟು ಜನರಿಗೆ ತೊಂದರೆ ಆಗುತ್ತದೆ?" ಎಂದು ಕೇಳಿ ಬರೆದುಕೊಳ್ಳಿ. "ಚಾನ್ಸ್ ಕಮ್ಮಿ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ನಿಮ್ಮ ಕಮ್ಮಿಯೂ ಡಾಕ್ಟರ ಕಮ್ಮಿಯೂ ಒಂದೇ ಆಗಿರಬೇಕಿಲ್ಲ, ಅಲ್ವಾ?

ಇನ್ನು ಸಮಯದ ಮಾತು. ಇಂಥ ಹಾಳೆಗಳ ಬಗ್ಗೆ ನಡೆದ 209 ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2024ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಡಾಕ್ಟರ ಎದುರೇ ಹಾಳೆ ಬಳಸಿದಾಗ ಸರಾಸರಿ ಹೆಚ್ಚು ಹಿಡಿದದ್ದು ಸುಮಾರು ಒಂದೂವರೆ ನಿಮಿಷ. ಮನೆಯಲ್ಲೇ ಓದಿ ಬಂದಿದ್ದರೆ ಅದೂ ಇಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳ ಸಾಲು ಎಂಥದ್ದೆಂದು ನನಗೆ ಗೊತ್ತು. ಅದಕ್ಕೇ ಮನೆಯಲ್ಲಿ ಬರೆದುಕೊಂಡು ಹೋಗಿ ಎನ್ನುತ್ತಿದ್ದೇನೆ.

ಡಾಕ್ಟರಿಗೆ ಬೇಜಾರಾಗಬಹುದು, ಆಗದೆಯೂ ಇರಬಹುದು. ಹಕ್ಕಂತೂ ನಿಮ್ಮದು. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದದ್ದು ಇಂಥದೇ ಪ್ರಕರಣ. ಪರೀಕ್ಷೆಗೆಂದು ಒಪ್ಪಿ ಅರಿವಳಿಕೆ ತೆಗೆದುಕೊಂಡಿದ್ದ ದೆಹಲಿಯ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಒಪ್ಪಿಗೆ ಕೊಟ್ಟದ್ದು ಅವರ ತಾಯಿ. ತುರ್ತು ಇಲ್ಲದಿರುವಾಗ, ಸ್ವಂತ ಬುದ್ಧಿಯಿರುವ ವಯಸ್ಕ ರೋಗಿಯ ಪರವಾಗಿ ಬೇರೆಯವರ ಒಪ್ಪಿಗೆ ನಡೆಯದು ಎಂದಿತು ಕೋರ್ಟು. ಚಿಕಿತ್ಸೆ ಏನು, ಅದರ ಲಾಭ, ಅಪಾಯ, ಬೇರೆ ದಾರಿಗಳು, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟನ್ನೂ ರೋಗಿಗೆ ಹೇಳಬೇಕು ಎಂದೂ ತೀರ್ಪಿನಲ್ಲಿದೆ.

ಈ ತೀರ್ಪನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಕಲಬುರಗಿ ಕಡೆ ಎಷ್ಟೋ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಕಿಲ್ಲದೆ ತೆಗೆದ ದೂರುಗಳು 2015ರಲ್ಲಿ ಹೊರಬಂದಾಗ ನನಗೆ ತುಂಬಾ ಸಂಕಟವಾಗಿತ್ತು. 'ಮಕ್ಕಳಾಗಿವೆಯಲ್ಲ' ಎನ್ನುವುದು ಆಪರೇಷನ್ನಿಗೆ ಕಾರಣವೇ ಅಲ್ಲ. ಮನೆಯವರ ಜೊತೆ ಮಾತಾಡಿ, ಅವರನ್ನು ಕರೆದುಕೊಂಡೂ ಹೋಗಿ. ಆದರೆ 'ನನಗೆ ಯಾವುದು ಮುಖ್ಯ' ಎಂಬ ಸಾಲನ್ನು ಮೊದಲು ನೀವೊಬ್ಬರೇ ಕೂತು ಬರೆಯಿರಿ. ರಕ್ತ ನಿಲ್ಲುವುದೋ, ಕೆಲಸಕ್ಕೆ ರಜೆ ಹಾಕದಿರುವುದೋ, ಆಪರೇಷನ್ ಭಯವೋ, ಖರ್ಚೋ, ಏನಿದ್ದರೂ ಬರೆಯಿರಿ.

ಕ್ಯಾನ್ಸರಿನ ಅನುಮಾನ ಇದ್ದರೆ ಮೊದಲು ಪರೀಕ್ಷೆ ಆಗಬೇಕು, ಆಯ್ಕೆಯ ಮಾತು ಆಮೇಲೆ. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ ನೋಟ್‌ಬುಕ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.