ನೀಲಿ ದೀಪದ ಕಾಟಕ್ಕೆ ಟೇಪಿನ ಮದ್ದು

ಪ್ರಶ್ನೆ: ಮಲಗುವ ಕೋಣೆಯ ರೌಟರಿನ ನೀಲಿ ದೀಪ ರಾತ್ರಿಯಿಡೀ ಕಣ್ಣಿಗೆ ಚುಚ್ಚುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದರೆ ಏನೂ ಕಾಣುವುದಿಲ್ಲ, ನೆಟ್ ಇದೆಯೋ ಇಲ್ಲವೋ ತಿಳಿಯಲು ಪ್ರತಿಸಲ ಕಿತ್ತು ನೋಡಬೇಕು. ಪೂರ್ತಿ ಮುಚ್ಚದೆ ಮಂದ ಮಾಡಬಹುದೇ?

ಉತ್ತರ: ಮೊದಲು ರೌಟರಿನ ಸೆಟ್ಟಿಂಗ್ಸ್ ಪುಟ ತೆರೆದು ನೋಡಿ. ಎಷ್ಟೋ ಮಾದರಿಗಳಲ್ಲಿ ಎಲ್‌ಇಡಿ ಆರಿಸುವ ಆಯ್ಕೆ ಅಲ್ಲೇ ಇರುತ್ತದೆ. ಇಲ್ಲವಾದರೆ ಪೇಂಟ್ ಮಾಡುವವರು ಬಳಸುವ ಕೆನೆಬಣ್ಣದ ಮಾಸ್ಕಿಂಗ್ ಟೇಪ್ ತನ್ನಿ. ಅದರ ಕಾಗದ ಒಂದಷ್ಟು ಬೆಳಕನ್ನು ತಡೆಯುತ್ತದೆ, ಉಳಿದದ್ದನ್ನು ಚದುರಿಸುತ್ತದೆ. ಸೂಜಿಮೊನೆಯಂಥ ಚುಕ್ಕಿ ಮೆತ್ತನೆಯ ಮಚ್ಚೆಯಾಗುತ್ತದೆ.

ಒಂದು ಪದರ ಹಾಕಿ 'ಏನೂ ಆಗಲಿಲ್ಲ' ಎಂದು ಕೈಬಿಡುವವರೇ ಹೆಚ್ಚು. ಬೆಳಕು ಅರ್ಧಕ್ಕೆ ಇಳಿದರೂ ಕಣ್ಣಿಗೆ ತುಸು ಮಂಕಾದಂತಷ್ಟೇ ತೋರುತ್ತದೆ, ಹತ್ತರಲ್ಲೊಂದು ಪಾಲಿಗೆ ಇಳಿದರೆ ಮಾತ್ರ ಹಾಯೆನಿಸುತ್ತದೆ. ಪ್ರತಿ ಪದರ ಅರ್ಧ ತಡೆಯುತ್ತದೆ ಎಂದಿಟ್ಟುಕೊಂಡರೆ 3 ಪದರಕ್ಕೆ ಎಂಟರಲ್ಲೊಂದು, 4 ಪದರಕ್ಕೆ ಹದಿನಾರರಲ್ಲೊಂದು ಉಳಿಯುತ್ತದೆ. ಅಲ್ಲಿಂದ ಶುರುಮಾಡಿ. ಸಾಕೋ ಬೇಕೋ ಎಂದು ಹಗಲಲ್ಲಿ ತೀರ್ಮಾನಿಸಬೇಡಿ: ಕೋಣೆಯ ದೀಪ ಆರಿಸಿ, 20 ನಿಮಿಷ ಕತ್ತಲಲ್ಲಿದ್ದು ನೋಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣು ಅತಿ ಸೂಕ್ಷ್ಮವಾಗಿರುವುದು ಸುಮಾರು 507 ನ್ಯಾನೋಮೀಟರ್ ಅಲೆಯುದ್ದದ (ನೀಲಿ-ಹಸಿರು) ಬೆಳಕಿಗೆ. ನೀಲಿ ಎಲ್‌ಇಡಿಯ 465ರ ಆಸುಪಾಸು ಅದಕ್ಕೆ ಹತ್ತಿರ, ಕೆಂಪಿನ 625 ಬಲು ದೂರ. ಹಗಲು ಸುಮ್ಮನಿದ್ದ ನೀಲಿ ದೀಪ ರಾತ್ರಿ ಟಾರ್ಚಿನಂತೆ ಆಡುವುದು ಅದಕ್ಕೇ.

ಕತ್ತರಿಸಲು ಸುಲಭ ದಾರಿ: ಸ್ಟಿಕ್ಕರಿನ ಹಿಂದಿರುವ ನುಣುಪು ಕಾಗದದ ಮೇಲೆ ಟೇಪನ್ನು ಪದರ ಪದರವಾಗಿ ಅಂಟಿಸಿ, ಕಾಗದ ತೂತು ಮಾಡುವ ಪಂಚಿಂಗ್ ಯಂತ್ರದಿಂದ ಒತ್ತಿ. ಸುಮಾರು 6 ಮಿ.ಮೀ. ಬಿಲ್ಲೆ ಸಿಗುತ್ತದೆ, 3 ಮಿ.ಮೀ. ದೀಪಕ್ಕೆ ಧಾರಾಳ. 5 ಮಿ.ಮೀ. ದೀಪಕ್ಕೆ 10 ಮಿ.ಮೀ. ಚೌಕವನ್ನು ಬ್ಲೇಡಿನಿಂದ ಕತ್ತರಿಸಿ, ಚಿಮಟದಿಂದ ಎತ್ತಿ ಅಂಟಿಸಿ. ಅಂಚು ದಾಟಿ ಒಂದೂವರೆ ಮಿ.ಮೀ. ಆದರೂ ಚಾಚಿರಬೇಕು, ಇಲ್ಲದಿದ್ದರೆ ಬದಿಯಿಂದ ಬೆಳಕು ಸೋರುತ್ತದೆ. ಗಾಳಿಕಿಂಡಿಯಿಂದ ಸೋರುವ ಬೆಳಕಿನ ತಂಟೆಗೆ ಹೋಗಬೇಡಿ. ಕಿಂಡಿ ಮುಚ್ಚಿದರೆ ರೌಟರ್ ಬಿಸಿಯಾಗುತ್ತದೆ, ಅದರ ಬದಲು ಪೆಟ್ಟಿಗೆಯನ್ನೇ ಗೋಡೆಯ ಕಡೆ ತಿರುಗಿಸಿ.

ಪ್ರಶ್ನೆ: ಬಣ್ಣದ ಟೇಪ್ ಹಾಕಿದರೆ ಹೇಗೆ?

ಉತ್ತರ: ದೀಪದ ಬಣ್ಣದ್ದೇ ಟೇಪ್ ಹಾಕಬೇಡಿ. ನೀಲಿ ಟೇಪ್ ನೀಲಿ ಬೆಳಕನ್ನೇ ಹಾಯಿಸುತ್ತದೆ. ನೀಲಿ ದೀಪಕ್ಕೆ ಒಳ್ಳೆಯ ಜೋಡಿ ಎಂದರೆ ಸರ್ಕ್ಯೂಟ್ ಕೆಲಸದ ಪಾಲಿಇಮೈಡ್ ಟೇಪ್, ಎಲ್ಲರ ಬಾಯಲ್ಲಿ ಕ್ಯಾಪ್ಟಾನ್ (Kapton) ಟೇಪ್. ಜೇನುಬಣ್ಣದ ಆ ಹಾಳೆ ನೀಲಿಯನ್ನು ಚೆನ್ನಾಗಿ ಹೀರುತ್ತದೆ, ಬಿಸಿಗೆ ಜಗ್ಗುವುದಿಲ್ಲ, ಅಂಟನ್ನೂ ಅಷ್ಟಾಗಿ ಬಿಡುವುದಿಲ್ಲ. ಕೆಂಪು ದೀಪಕ್ಕೆ ಮಾತ್ರ ಇದು ದಂಡ.

ಪ್ರಶ್ನೆ: ಟಿವಿಯ ಸ್ಟ್ಯಾಂಡ್‌ಬೈ ದೀಪಕ್ಕೆ ಕಪ್ಪು ಟೇಪ್ ಹಾಕಿದ ಮೇಲೆ ರಿಮೋಟ್ ಕೆಲಸ ಮಾಡುತ್ತಿಲ್ಲ. ಟಿವಿ ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ. ರಿಮೋಟಿನ ಇನ್‌ಫ್ರಾರೆಡ್ ಗ್ರಾಹಕ ಆ ದೀಪದ ಪಕ್ಕದಲ್ಲೇ, ಒಂದೇ ಗಾಜಿನ ಹಿಂದೆ ಕೂತಿರುವುದುಂಟು. ನಿಮ್ಮ ಟೇಪ್ ಎರಡನ್ನೂ ಮುಚ್ಚಿದೆ. ಕಿತ್ತು, ದೀಪದಷ್ಟೇ ಅಗಲದ ಚೂರನ್ನು ದೀಪದ ಮೇಲೆ ಮಾತ್ರ ಹಾಕಿ. ಕೆಲವು ಟಿವಿಗಳಲ್ಲಿ ಕೋಣೆಯ ಬೆಳಕು ನೋಡಿ ಪರದೆ ಹೊಂದಿಸುವ ಸೆನ್ಸರೂ ಅಲ್ಲೇ ಇರುತ್ತದೆ. ಅದು ಮುಚ್ಚಿಹೋದರೆ ಚಿತ್ರ ಸದಾ ಮಂಕು.

ಪ್ರಶ್ನೆ: ಹಳೆಯ ಟೇಪ್ ಜಾರಿ ಸುತ್ತ ಜಿಗುಟು ಉಳಿದಿದೆ. ತೆಗೆಯುವುದು ಹೇಗೆ?

ಉತ್ತರ: ಪಿವಿಸಿ ಇನ್ಸುಲೇಷನ್ ಟೇಪನ್ನು ಎಳೆದು ಅಂಟಿಸಿದರೆ ಅದು ನಿಧಾನವಾಗಿ ಕುಗ್ಗಿ ಹಿಂದೆ ಸರಿಯುತ್ತದೆ, ಬಿಸಿಗೆ ಮೆತ್ತಗಾದ ಅಂಟು ಅಲ್ಲೇ ನಿಲ್ಲುತ್ತದೆ. ಉಪಕರಣ ಆರಿಸಿ, ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿಟ್ಟು ಒರೆಸಿ. ಮುದ್ರಿತ ಅಕ್ಷರವಿದ್ದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಥಿನ್ನರ್, ನೇಲ್‌ಪಾಲಿಶ್ ರಿಮೂವರ್ ಬೇಡ, ಅವುಗಳಲ್ಲಿರಬಹುದಾದ ಅಸಿಟೋನ್ ಹೊರಕವಚದ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮಾಸ್ಕಿಂಗ್ ಟೇಪನ್ನೂ ವರ್ಷಗಟ್ಟಲೆ ಬಿಡಬೇಡಿ, ಒಣಗಿದರೆ ಚೂರುಚೂರಾಗಿ ಕಿತ್ತುಬರುತ್ತದೆ.

ಪ್ರಶ್ನೆ: ಟೇಪಿನ ಗೊಡವೆಯೇ ಬೇಡ, ಬೆಸುಗೆ ಹಾಕಬಲ್ಲೆ. ಶಾಶ್ವತವಾಗಿ ಮಂದ ಮಾಡಲು?

ಉತ್ತರ: ಎಲ್‌ಇಡಿಯ ಸರಣಿ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗ) ಬದಲಿಸಿ. 5 ವೋಲ್ಟ್ ಸರಬರಾಜು, 3 ವೋಲ್ಟ್ ಹಿಡಿಯುವ ನೀಲಿ ಎಲ್‌ಇಡಿ, 330 ಓಮ್ ಇದ್ದರೆ ಸುಮಾರು 6 ಮಿಲಿಆಂಪ್ ಹರಿಯುತ್ತದೆ. 10 ಕಿಲೋಓಮ್ ಹಾಕಿದರೆ 0.2 ಮಿಲಿಆಂಪ್. ಅಷ್ಟರಲ್ಲೂ ಕತ್ತಲಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹೊರಗಿನ ಅಡಾಪ್ಟರಿನಿಂದ ನಡೆಯುವ ಸಾಧನಕ್ಕೆ ಮಾತ್ರ ಈ ಮಾತು. ಗೋಡೆಯ ಕರೆಂಟು ನೇರ ಒಳಬರುವ ಪೆಟ್ಟಿಗೆಯನ್ನು ಬಿಚ್ಚಬೇಡಿ.

ಪ್ರಶ್ನೆ: ಹೊಗೆ ಪತ್ತೆ ಮಾಡುವ ಅಲಾರಮ್ಮಿನ ಮಿನುಗುವ ದೀಪಕ್ಕೂ ಹಾಕಬಹುದೇ?

ಉತ್ತರ: ಬೇಡ.